ಕಾಲೇಜಿಗೆ ಒಂದು ಕ್ಯಾಮ್‌ಕಾರ್ಡರ್ ಬೇಕು, ನೂರು ಫೋನು ಬೇಡ

ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ

ಈ ಸಲದ ವಾರ್ಷಿಕೋತ್ಸವಕ್ಕೆ ಮೊದಲು ಕಾಲೇಜಿಗೆ ಒಂದು ವಿಡಿಯೋ ಕ್ಯಾಮೆರಾ ಕೊಳ್ಳಬೇಕೇ ಎಂಬ ಪ್ರಶ್ನೆ ವಿದ್ಯಾರ್ಥಿ ಸಂಘದ ಸಭೆಯಲ್ಲಿ ಬಂದಿತ್ತು. ಅರ್ಧ ಗಂಟೆ ಚರ್ಚೆಯಾಯಿತು, ತೀರ್ಮಾನ ಆಗಲಿಲ್ಲ. "ಎಲ್ಲರ ಕೈಯಲ್ಲೂ ಫೋನ್ ಇರುವಾಗ ಕ್ಯಾಮೆರಾಕ್ಕೆ ದುಡ್ಡು ಯಾಕೆ ಸುರಿಯಬೇಕು?" ಎಂದು ಒಬ್ಬರು ಕೇಳಿದ್ದಕ್ಕೆ ಹೆಚ್ಚಿನವರು ತಲೆಯಾಡಿಸಿದರು. ನಾನು ತಲೆಯಾಡಿಸಲಿಲ್ಲ. ಎಲ್ಲರ ಕೈಯಲ್ಲೂ ಫೋನ್ ಇದೆ ಎಂಬುದೇ ಕಾಲೇಜಿಗೆ ತನ್ನದೊಂದು ಕ್ಯಾಮೆರಾ ಬೇಕು ಎನ್ನುವುದಕ್ಕೆ ಮೊದಲ ಕಾರಣ ಎಂದು ನನ್ನ ವಾದ.

ನಮ್ಮಲ್ಲಿ ದಿನನಿತ್ಯ ಫೋನ್ ತರುವಂತಿಲ್ಲ. ವಾರ್ಷಿಕೋತ್ಸವದ ದಿನ ಮಾತ್ರ ಆ ನಿಯಮ ಯಾರಿಗೂ ನೆನಪಿರುವುದಿಲ್ಲ. ಕಳೆದ ವರ್ಷ ಚರ್ಚಾಸ್ಪರ್ಧೆಯಲ್ಲಿ ನಮ್ಮ ತರಗತಿಯ ಹುಡುಗಿಯೊಬ್ಬಳು ಐದು ನಿಮಿಷ ಕಾವೇರಿ ನೀರಿನ ಬಗ್ಗೆ ಮಾತಾಡಿದಳು. ಕಾಗದ ನೋಡದೆ ಮಾತಾಡಿದಳು. ನಡುವೆ ಒಂದು ಕಡೆ ಒಂದು ಅಂಕಿ ಮರೆತು, ನಾಲ್ಕೈದು ಸೆಕೆಂಡು ನಿಂತು, ದುಪಟ್ಟಾ ಸರಿಮಾಡಿಕೊಂಡು ಮುಂದುವರಿದಳು. ಯಾರದೋ ಫೋನಿಗೆ ಸಿಕ್ಕಿದ್ದು ಆ ನಾಲ್ಕೈದು ಸೆಕೆಂಡು ಮಾತ್ರ. ಅದಕ್ಕೆ ಹಾಡು ಸೇರಿಸಿ ಸ್ಟೇಟಸ್ ಹಾಕಿದರು. ಅವಳ ಬಸ್ಸು ಊರು ಮುಟ್ಟುವ ಮೊದಲೇ ಆ ತುಣುಕು ಅವಳ ಊರು ಮುಟ್ಟಿತ್ತು. ಅವಳು ಬಹುಮಾನ ಗೆದ್ದ ಸುದ್ದಿ ಮುಟ್ಟಿದ್ದು ಮಾರನೆಯ ದಿನ. ಈ ವರ್ಷ ಅವಳು ಹೆಸರು ಕೊಟ್ಟಿಲ್ಲ. ಅವಳೊಬ್ಬಳೇ ಅಲ್ಲ, "ವಿಡಿಯೋ ತೆಗೀತಾರೆ, ಮನೇಲಿ ಬೇಡ ಅಂತಾರೆ" ಎಂದು ವೇದಿಕೆಯಿಂದ ಹಿಂದೆ ಸರಿದವರು ನನಗೆ ಗೊತ್ತಿರುವಂತೆ ಇನ್ನೂ ಮೂವರಿದ್ದಾರೆ. ಇಡೀ ಐದು ನಿಮಿಷದ ಭಾಷಣ ಇವತ್ತು ಎಲ್ಲೂ ಇಲ್ಲ. ತಡವರಿಸಿದ್ದು ಮಾತ್ರ ಎಷ್ಟೋ ಫೋನುಗಳಲ್ಲಿ ಇದೆ.

ಆದ್ದರಿಂದ ನಾನು ಕೇಳುವುದು ಇಷ್ಟು. ಸಭಾಂಗಣದೊಳಗೆ ಫೋನುಗಳು ಬೇಡ. ಕಾಲೇಜಿನದೇ ಒಂದು ಕ್ಯಾಮೆರಾ ಇರಲಿ. ಅದರ ಕಾರ್ಡು ಗ್ರಂಥಾಲಯದ ಬೀರುವಿನಲ್ಲಿರಲಿ. ಹಾಗಾದರೆ ಎಂಥ ಕ್ಯಾಮೆರಾ ಎಂಬ ಪ್ರಶ್ನೆ ಬರುತ್ತದೆ. ಈ ವಿಷಯದಲ್ಲಿ ನನಗೆ ಸ್ವಲ್ಪ ತಿಳಿದಿದೆ, ಏಕೆಂದರೆ ನಮ್ಮ ಮಾಮು ಮಳವಳ್ಳಿಯಲ್ಲಿ ಮೂವತ್ತು ವರ್ಷದಿಂದ ಮದುವೆ ವಿಡಿಯೋ ತೆಗೆಯುತ್ತಿದ್ದಾರೆ. ರಜೆಯಲ್ಲಿ ಅವರ ಅಂಗಡಿಯಲ್ಲಿ ಕೂತು ಕೇಳಿದ್ದು, ಭೌತಶಾಸ್ತ್ರದ ತರಗತಿಯಲ್ಲಿ ಕಲಿತದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಕ್ಯಾಮ್‌ಕಾರ್ಡರ್ ಎಂದರೆ ಕ್ಯಾಮೆರಾ ಮತ್ತು ರೆಕಾರ್ಡರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರ. ಮೊದಲು ಇವು ಬೇರೆ ಬೇರೆ ಇದ್ದವು. ಒಬ್ಬ ಕ್ಯಾಮೆರಾ ಹಿಡಿದರೆ ಇನ್ನೊಬ್ಬ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು, ನಡುವಿನ ಕೇಬಲ್ ಕಾಲಿಗೆ ಸಿಕ್ಕದಂತೆ ನಡೆಯಬೇಕಿತ್ತು. 1983ರಲ್ಲಿ ಸೋನಿ ಕಂಪನಿ ಬೀಟಾಮೂವಿ ಎಂಬ ಒಂದೇ ಪೆಟ್ಟಿಗೆಯ ಯಂತ್ರವನ್ನು ಮನೆ ಬಳಕೆಗೆ ಮಾರಾಟಕ್ಕೆ ತಂದಿತು. ಅದರ ತಮಾಷೆ ಎಂದರೆ ಅದು ಚಿತ್ರ ತೆಗೆಯುತ್ತಿತ್ತು, ತೋರಿಸುತ್ತಿರಲಿಲ್ಲ. ತೆಗೆದದ್ದು ಹೇಗೆ ಬಂದಿದೆ ಎಂದು ನೋಡಲು ಮನೆಗೆ ಹೋಗಿ ಬೇರೆ ಯಂತ್ರಕ್ಕೆ ಕ್ಯಾಸೆಟ್ ಹಾಕಬೇಕಿತ್ತು. ಮರುವರ್ಷ ಜೆವಿಸಿ ಚಿಕ್ಕ ವಿಎಚ್‌ಎಸ್ ಕ್ಯಾಸೆಟ್ಟಿನ ಕ್ಯಾಮೆರಾ ತಂದಿತು. 1995ರಲ್ಲಿ ಅಂಗೈಯಲ್ಲಿ ಮುಚ್ಚಿಡಬಹುದಾದ ಮಿನಿ ಡಿವಿ ಕ್ಯಾಸೆಟ್ ಬಂತು. ಈಗ ಉಗುರಿನಷ್ಟು ದೊಡ್ಡ ಕಾರ್ಡು.

ಮಾಮು ಶುರು ಮಾಡಿದ್ದು ಭುಜದ ಮೇಲೆ ಹೊರುವ ದೊಡ್ಡ ವಿಎಚ್‌ಎಸ್ ಕ್ಯಾಮೆರಾದಲ್ಲಿ. ಅದನ್ನು ಹೊತ್ತು ಹೊತ್ತು ಅವರ ಬಲ ಭುಜ ಇವತ್ತಿಗೂ ಸ್ವಲ್ಪ ಇಳಿದೇ ಇದೆ. ಆ ಕ್ಯಾಸೆಟ್ಟಿನೊಳಗೆ ಅರ್ಧ ಇಂಚು ಅಗಲದ ಟೇಪು. ಒಂದು ಲೋಹದ ಉರುಳೆ ನಿಮಿಷಕ್ಕೆ 1500 ಸುತ್ತು ತಿರುಗುತ್ತಾ ಟೇಪಿನ ಮೇಲೆ ಓರೆ ಗೆರೆಗಳಲ್ಲಿ ಚಿತ್ರವನ್ನು ಕಾಂತೀಯವಾಗಿ ಬರೆಯುತ್ತಿತ್ತು. ಸೆಕೆಂಡಿಗೆ 25 ಸುತ್ತು, ಎರಡು ಹೆಡ್ಡು, ಹಾಗಾಗಿ 50 ಅರ್ಧ ಚಿತ್ರಗಳು, ಅಂದರೆ 25 ಪೂರ್ತಿ ಚಿತ್ರಗಳು. ನಮ್ಮ ದೇಶದ ಟಿವಿ ಲೆಕ್ಕ ಅದೇ.

ಟೇಪು ಹೋಯಿತು, ಆದರೆ ಮುಂದಿನ ಭಾಗದ ತತ್ತ್ವ ಹಾಗೇ ಇದೆ. ಮಸೂರ ಬೆಳಕನ್ನು ಕೂಡಿಸಿ ಒಂದು ಚಿಕ್ಕ ಸಿಲಿಕಾನ್ ಬಿಲ್ಲೆಯ ಮೇಲೆ ತಲೆಕೆಳಗಾದ ಬಿಂಬ ಬೀಳಿಸುತ್ತದೆ. ಕತ್ತಲ ಕೋಣೆಯ ಗೋಡೆಯಲ್ಲಿ ಒಂದು ಸಣ್ಣ ತೂತು ಕೊರೆದರೆ ಹೊರಗಿನ ಬೆಳಕು ಒಳಗೆ ಹೇಗೆ ಬಿಂಬವಾಗುತ್ತದೆ ಎಂಬುದನ್ನು ಸಾವಿರ ವರ್ಷದ ಹಿಂದೆ ಕೈರೋದಲ್ಲಿ ಇಬ್ನ್ ಅಲ್-ಹೈಥಮ್ ಪರೀಕ್ಷಿಸಿ ಬರೆದಿದ್ದರು. ಅದೇ ಕತ್ತಲ ಕೋಣೆ ಈಗ ಅಂಗೈ ಅಗಲಕ್ಕೆ ಇಳಿದಿದೆ. ಬಿಲ್ಲೆಯ ಮೇಲೆ ಲಕ್ಷಾಂತರ ಪುಟ್ಟ ಕುಳಿಗಳು. ಬೆಳಕು ಬಿದ್ದಾಗ ಪ್ರತಿ ಕುಳಿಯಲ್ಲೂ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಸೇರುತ್ತವೆ. ಬೆಳಕು ಹೆಚ್ಚಾದಷ್ಟೂ ಆವೇಶ ಹೆಚ್ಚು. ನಮ್ಮ ದ್ವಿತೀಯ ಪಿಯುಸಿಯ ಕೊನೆಯ ಅಧ್ಯಾಯಗಳಲ್ಲಿ ಬರುವ ಫೋಟಾನು, ಅರೆವಾಹಕ, ಡಯೋಡು ಎಲ್ಲವೂ ಇಲ್ಲಿ ಒಟ್ಟಿಗೆ ಕೆಲಸ ಮಾಡುತ್ತವೆ. ಈ ಜಾತಿಯ ಮೊದಲ ಬಿಲ್ಲೆಯಾದ ಸಿಸಿಡಿಯನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಈಗಿನ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಇರುವುದು ಸಿಮಾಸ್ ಬಿಲ್ಲೆ. ಅದು ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ, ಸಾಲು ಸಾಲಾಗಿ ಮೇಲಿನಿಂದ ಕೆಳಗೆ ಓದುತ್ತದೆ. ಮದ್ದೂರಿನಿಂದ ಮಂಡ್ಯಕ್ಕೆ ರೈಲಿನಲ್ಲಿ ಬರುವವರು ಕಿಟಕಿಯಿಂದ ತೆಗೆದ ವಿಡಿಯೋದಲ್ಲಿ ಹತ್ತಿರದ ಕಂಬಗಳೆಲ್ಲ ಓರೆಯಾಗಿ ವಾಲಿರುವುದನ್ನು ನೋಡಿರುತ್ತೀರಿ. ಕಂಬ ವಾಲಿಲ್ಲ. ಕೊನೆಯ ಸಾಲು ಓದುವ ಹೊತ್ತಿಗೆ ರೈಲು ಮುಂದೆ ಹೋಗಿರುತ್ತದೆ, ಅಷ್ಟೇ.

ಇಲ್ಲಿಂದ ಮುಂದೆ ಲೆಕ್ಕದ ಕೆಲಸ. ಫುಲ್ ಎಚ್‌ಡಿ ಎಂದರೆ 1920 ಅಡ್ಡ, 1080 ಉದ್ದ. ಗುಣಿಸಿದರೆ 20,73,600 ಚುಕ್ಕೆಗಳು. ಒಂದೊಂದು ಚುಕ್ಕೆಗೆ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟು ಎಂದರೆ ಒಂದು ಚಿತ್ರಕ್ಕೆ 62 ಲಕ್ಷ ಬೈಟು. ಸೆಕೆಂಡಿಗೆ 25 ಚಿತ್ರ. ಹೀಗೆ ಹಾಗೇ ಬರೆದಿಟ್ಟರೆ ಒಂದು ಗಂಟೆಗೆ ಸುಮಾರು 560 ಜಿಬಿ ಬೇಕು. ಅಷ್ಟು ಬರೆಯಲು ಆಗದು ಎಂದು ಕ್ಯಾಮೆರಾ ಒಂದು ಉಪಾಯ ಮಾಡುತ್ತದೆ. ನಮ್ಮ ಗಣಿತದ ಸರ್ ಹಾಜರಿ ತೆಗೆದುಕೊಳ್ಳುವ ಹಾಗೆ. ಅವರು ಅರವತ್ತು ಹೆಸರನ್ನೂ ಕೂಗುವುದಿಲ್ಲ, "ಯಾರ್ ಯಾರ್ ಬಂದಿಲ್ಲ?" ಎಂದು ಕೇಳಿ ಅಷ್ಟು ನಂಬರ್ ಮಾತ್ರ ಬರೆದುಕೊಳ್ಳುತ್ತಾರೆ. ಕ್ಯಾಮೆರಾ ಕೂಡ ಒಂದು ಚಿತ್ರವನ್ನು ಪೂರ್ತಿ ಬರೆದು, ಮುಂದಿನ ಹಲವು ಚಿತ್ರಗಳಿಗೆ ಏನು ಬದಲಾಯಿತು ಎಂಬುದನ್ನಷ್ಟೇ ಬರೆಯುತ್ತದೆ. ವೇದಿಕೆಯಲ್ಲಿ ಒಬ್ಬರು ನಿಂತು ಮಾತಾಡುವಾಗ ಹಿಂದಿನ ಪರದೆ ಬದಲಾಗುವುದಿಲ್ಲ, ಆದ್ದರಿಂದ ಕೆಲಸ ಸುಲಭ. ಸೆಕೆಂಡಿಗೆ 24 ಮೆಗಾಬಿಟ್ಟಿನಲ್ಲಿ ಗಂಟೆಗೆ 11 ಜಿಬಿಗಿಂತ ಸ್ವಲ್ಪ ಕಡಿಮೆ ಸಾಕು.

ಈ ಉಪಾಯ ಎಲ್ಲಿ ಸೋಲುತ್ತದೆ ಎಂದು ನೋಡಬೇಕಾದರೆ ನಮ್ಮ ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಗೆ ಹೋಗಿ. ಮಳೆಗಾಲದಲ್ಲಿ ನೀರು ತುಂಬಿ ಬೀಳುವಾಗ ಚಿತ್ರದ ಪ್ರತಿ ಚುಕ್ಕೆಯೂ ಪ್ರತಿ ಕ್ಷಣ ಬದಲಾಗುತ್ತದೆ. ತರಗತಿಯಲ್ಲಿ ಎಲ್ಲರೂ ಗೈರಾದಂತೆ. ಅಗ್ಗದ ಕ್ಯಾಮೆರಾ ಅಥವಾ ವಾಟ್ಸಾಪಿನಲ್ಲಿ ಬಂದ ವಿಡಿಯೋದಲ್ಲಿ ಜಲಪಾತ ಚೌಕ ಚೌಕವಾಗಿ ಒಡೆದು ಕಾಣುವುದು ಇದಕ್ಕೇ. ಗಾಳಿಗೆ ತೂಗುವ ಕಬ್ಬಿನ ಗದ್ದೆಗೂ ಇದೇ ಗತಿ. ಕ್ಯಾಮೆರಾ ಕೊಳ್ಳುವಾಗ ಅಂಗಡಿಯವರು ಮೆಗಾಪಿಕ್ಸೆಲ್ ಎಷ್ಟು ಎಂದು ಹೇಳುತ್ತಾರೆ. ನಾವು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಬರೆಯುತ್ತದೆ ಎಂದು ಕೇಳಬೇಕು.

ನಾಲ್ಕು-ಕೆ ಬೇಕೇ ಎಂದರೆ, ಬೇಡ ಎಂದು ನನ್ನ ಅಭಿಪ್ರಾಯ. ಅದನ್ನು ತೋರಿಸುವ ಪ್ರೊಜೆಕ್ಟರ್ ನಮ್ಮಲ್ಲಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ ಬರೆದರೆ ಗಂಟೆಗೆ 45 ಜಿಬಿ ತುಂಬುತ್ತದೆ. ನಮ್ಮ ಕಂಪ್ಯೂಟರ್ ಲ್ಯಾಬಿನ ಯಂತ್ರಗಳು ಅದನ್ನು ತೆರೆಯಲು ಹೋಗಿ ಅಲ್ಲೇ ನಿಂತುಬಿಡುತ್ತವೆ.

ಈಗ ಜೂಮ್. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಡಿಜಿಟಲ್ ಜೂಮ್, ಸಣ್ಣ ಅಕ್ಷರದಲ್ಲಿ ಇರುವುದು ಆಪ್ಟಿಕಲ್ ಜೂಮ್. ಬೇಕಾದದ್ದು ಸಣ್ಣ ಅಕ್ಷರದ್ದು. ಆಪ್ಟಿಕಲ್ ಜೂಮಿನಲ್ಲಿ ಮಸೂರಗಳು ಒಳಗೆ ಹಿಂದೆ ಮುಂದೆ ಸರಿದು ಸಂಗಮ ದೂರ ಹೆಚ್ಚುತ್ತದೆ, ಬಿಂಬವೇ ದೊಡ್ಡದಾಗುತ್ತದೆ. ಡಿಜಿಟಲ್ ಜೂಮಿನಲ್ಲಿ ಬಿಂಬ ಅಷ್ಟೇ ಇರುತ್ತದೆ, ಅದರ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುತ್ತಾರೆ. ನಾಲ್ಕು ಪಟ್ಟು ಹಿಗ್ಗಿಸಿದರೆ ಉಳಿಯುವುದು ಹದಿನಾರನೇ ಒಂದು ಭಾಗ ಚುಕ್ಕೆಗಳು. ಇಪ್ಪತ್ತು ಲಕ್ಷದಿಂದ ಒಂದೂಕಾಲು ಲಕ್ಷಕ್ಕೆ ಇಳಿದುಬಿಡುತ್ತದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಪ್ರಕೃತಿ ಸಂಘದವರು ಹೋದಾಗ ಈ ವ್ಯತ್ಯಾಸ ಚೆನ್ನಾಗಿ ಕಂಡಿತು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ ಮರಗಳಲ್ಲಿ, ಮನೆಗಳ ಹೆಂಚಿನ ಮೇಲೆಯೇ ಎಂಬಂತೆ, ಗೂಡು ಕಟ್ಟುತ್ತವೆ. ಅಷ್ಟು ಹತ್ತಿರ ಇದ್ದರೂ ಮರದ ತುದಿ ದೂರವೇ. ಫೋನುಗಳಲ್ಲಿ ಬಂದದ್ದು ಹಸಿರಿನ ನಡುವೆ ಬಿಳಿ ಚುಕ್ಕೆ. ಒಬ್ಬಳು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ತೆಗೆದದ್ದರಲ್ಲಿ ಹಕ್ಕಿ ಒದ್ದೆ ಹತ್ತಿಯ ಹಾಗಿತ್ತು. ಮಾಮುವಿನ ಹಳೆಯ ಕ್ಯಾಮ್‌ಕಾರ್ಡರಿನಲ್ಲಿ, ಅದು ಹತ್ತು ವರ್ಷಕ್ಕೂ ಹಿಂದಿನದು, ಮರಿ ತಾಯಿಯ ಗಂಟಲಿನ ಚೀಲಕ್ಕೆ ತಲೆ ಹಾಕಿ ಮೀನು ತಿನ್ನುವುದು ಕಂಡಿತು. ಕ್ಯಾಮ್‌ಕಾರ್ಡರುಗಳಲ್ಲಿ ಇಪ್ಪತ್ತು ಮೂವತ್ತು ಪಟ್ಟು ಆಪ್ಟಿಕಲ್ ಜೂಮ್ ಸಾಮಾನ್ಯ. ಅದು ಸಾಧ್ಯವಾಗುವುದು ಅವುಗಳ ಬಿಲ್ಲೆ ಚಿಕ್ಕದಾಗಿರುವುದರಿಂದ. ಬಿಲ್ಲೆ ಚಿಕ್ಕದಾದರೆ ಚಿಕ್ಕ ಮಸೂರವೇ ದೂರದ್ದನ್ನು ಎಳೆದು ತುಂಬಿಸುತ್ತದೆ.

ಆದರೆ ಅದೇ ಚಿಕ್ಕ ಬಿಲ್ಲೆಗೆ ಕತ್ತಲೆಯಲ್ಲಿ ಕಣ್ಣು ಮಂಜು. ಕುಳಿ ಚಿಕ್ಕದು, ಬೀಳುವ ಬೆಳಕು ಕಡಿಮೆ. ಕ್ಯಾಮೆರಾ ಆಗ ಇದ್ದ ಚೂರು ಸಂಕೇತವನ್ನೇ ವರ್ಧಿಸುತ್ತದೆ, ಅದರ ಜೊತೆ ಗದ್ದಲವೂ ವರ್ಧಿಸಿ ಚಿತ್ರದ ತುಂಬ ರವೆ ಚೆಲ್ಲಿದಂತಾಗುತ್ತದೆ. ಇದು ನನ್ನ ವಾದಕ್ಕೆ ವಿರುದ್ಧವಾದ ಮಾತು, ಆದರೂ ಹೇಳಲೇಬೇಕು. ಈಗಿನ ಒಳ್ಳೆಯ ಫೋನುಗಳು ಮಬ್ಬು ಬೆಳಕಿನಲ್ಲಿ ಅಗ್ಗದ ಕ್ಯಾಮ್‌ಕಾರ್ಡರಿಗಿಂತ ಚೆನ್ನಾಗಿ ತೆಗೆಯುತ್ತವೆ. ಇದಕ್ಕೆ ಹೆಚ್ಚು ಬೆಲೆಯ ಕ್ಯಾಮೆರಾ ಕೊಳ್ಳುವ ಬದಲು ವೇದಿಕೆಗೆ ಬೆಳಕು ಹಾಕೋಣ ಎನ್ನುತ್ತೇನೆ. ನಮ್ಮ ಸಭಾಂಗಣದ ಟ್ಯೂಬ್‌ಲೈಟುಗಳು ಮಾತಾಡುವವರ ಬೆನ್ನಿನ ಹಿಂದಿವೆ. ಅವುಗಳಲ್ಲಿ ಎರಡನ್ನು ಮುಂದಕ್ಕೆ ತಂದರೆ ಅರ್ಧ ಸಮಸ್ಯೆ ಮುಗಿಯಿತು. ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಸ್ಟುಡಿಯೋದೊಳಗೆ ಬೀಳುವ ಆ ಪ್ರಸಿದ್ಧ ಬೆಳಕಿನ ಕೋಲನ್ನು ತಂದದ್ದು ದೊಡ್ಡ ದೀಪದಿಂದಲ್ಲ, ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ. ಛಾಯಾಗ್ರಾಹಕರೊಬ್ಬರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೊದಲು ಬಂದದ್ದು ಅವರಿಗೇ, 2008ನೇ ಸಾಲಿನದು.

ಟ್ಯೂಬ್‌ಲೈಟು ಎಂದಾಗ ಇನ್ನೊಂದು ವಿಷಯ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಚೋಕ್ ಹಾಕಿದ ಹಳೆಯ ಟ್ಯೂಬ್‌ಲೈಟು, ಕೆಲವು ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಗೊತ್ತಾಗದು, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಶಟರ್ 1/50 ಅಥವಾ 1/100 ಸೆಕೆಂಡಿನಲ್ಲಿದ್ದರೆ ಪ್ರತಿ ಚಿತ್ರಕ್ಕೂ ಮಿಣುಕು ಸಮನಾಗಿ ಸಿಗುತ್ತದೆ. 1/60 ಇದ್ದರೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಓಡಾಡುತ್ತವೆ. ಅಮೆರಿಕದಲ್ಲಿ ಕರೆಂಟು 60 ಆವರ್ತದ್ದು, ಅಲ್ಲಿಂದ ನೆಂಟರು ತಂದುಕೊಡುವ ಕ್ಯಾಮೆರಾ ಅಲ್ಲಿನ ಲೆಕ್ಕಕ್ಕೆ ಹೊಂದಿಸಿದ್ದಾಗಿರುತ್ತದೆ. ದುಬೈಯಲ್ಲಿ ನಮ್ಮಂತೆಯೇ 50. ನಮ್ಮ ಕಾಲೇಜಿನಲ್ಲಿ ದುಬೈಯಲ್ಲಿ ಚಿಕ್ಕಪ್ಪ, ಮಾಮು ಇರುವವರೇ ಹೆಚ್ಚು, ಆ ಲೆಕ್ಕದಲ್ಲಿ ಅನುಕೂಲವೇ. ಆದರೂ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ನಮ್ಮ ಸಭೆಯಲ್ಲಿ ಯಾರೂ ಎತ್ತಲೇ ಇಲ್ಲ. ಶಬ್ದ. "ಚಿತ್ರ ಸ್ವಲ್ಪ ಮಸುಕಾದರೆ ಗಿರಾಕಿ ಸುಮ್ಮನಿರ್ತಾನೆ, ಮಾತು ಕೇಳಿಸದಿದ್ದರೆ ದುಡ್ಡು ಕೊಡಲ್ಲ" ಎಂದು ಮಾಮು ಹೇಳುತ್ತಾರೆ. ಕ್ಯಾಮೆರಾದೊಳಗಿನ ಮೈಕು ಎಷ್ಟೇ ಒಳ್ಳೆಯದಾದರೂ ಅದು ಇರುವುದು ಕ್ಯಾಮೆರಾ ಇರುವಲ್ಲಿ. ಸಭಾಂಗಣದ ಹಿಂದೆ 15 ಮೀಟರ್ ದೂರದಲ್ಲಿ ಕ್ಯಾಮೆರಾ ಇಟ್ಟರೆ, ಬಾಯಿಂದ 15 ಸೆಂಟಿಮೀಟರಿನಲ್ಲಿರುವ ಮೈಕಿಗಿಂತ ನೂರು ಪಟ್ಟು ದೂರವಾಯಿತು. ತೀವ್ರತೆ ದೂರದ ವರ್ಗಕ್ಕೆ ವಿಲೋಮ, ಅಂದರೆ ನೇರವಾಗಿ ಬರುವ ಧ್ವನಿ ಹತ್ತು ಸಾವಿರದಲ್ಲಿ ಒಂದು ಭಾಗ. ಉಳಿದದ್ದೆಲ್ಲ ಗೋಡೆಯ ಪ್ರತಿಧ್ವನಿ, ಫ್ಯಾನಿನ ಸದ್ದು, ಹಿಂದಿನ ಸಾಲಿನವರ ಪಿಸುಮಾತು. ಹಿಂದಿನ ಸಾಲಿನವರು ಏನೇನು ಮಾತಾಡುತ್ತಾರೆ ಎಂಬುದು ಬೇರೆ ವಿಷಯ.

ಹೀಗಾಗಿ ಹೊರಗಿನ ಮೈಕು ಚುಚ್ಚುವ ಕಿಂಡಿ ಇಲ್ಲದ ಕ್ಯಾಮ್‌ಕಾರ್ಡರನ್ನು ಪುಕ್ಕಟೆ ಕೊಟ್ಟರೂ ಬೇಡ. ಅಗ್ಗದ ಮಾದರಿಗಳಲ್ಲಿ ಮೊದಲು ಕತ್ತರಿ ಬೀಳುವುದು ಈ ಕಿಂಡಿಗೇ. ಜೊತೆಗೆ ಇಯರ್‌ಫೋನ್ ಕಿಂಡಿಯೂ ಇರಬೇಕು, ಒಬ್ಬರು ಉದ್ದಕ್ಕೂ ಕಿವಿಗೆ ಹಾಕಿಕೊಂಡು ಕೂತಿರಬೇಕು. ಮೈಕಿನ ವೈರು ಸಡಿಲವಾಗಿ ಇಡೀ ಕಾರ್ಯಕ್ರಮ ಮೂಕಚಿತ್ರವಾಗುವುದು ಮನೆಗೆ ಹೋದ ಮೇಲೆ ಗೊತ್ತಾದರೆ ಏನು ಪ್ರಯೋಜನ? ವೇದಿಕೆಯ ಧ್ವನಿವರ್ಧಕದ ಮಿಕ್ಸರಿನಿಂದ ನೇರವಾಗಿ ಒಂದು ವೈರು ಎಳೆಯಬಹುದು, ಇಲ್ಲವೇ ಅಂಗಿಗೆ ಸಿಕ್ಕಿಸುವ ವೈರ್‌ಲೆಸ್ ಮೈಕು ತರಬಹುದು. ಎರಡರಲ್ಲಿ ನನಗೆ ಎರಡನೆಯದು ಇಷ್ಟ, ಏಕೆಂದರೆ ಅದನ್ನು ಕಾಲೇಜಿನ ಹೊರಗೂ ಒಯ್ಯಬಹುದು.

ಡಿಎಸ್‌ಎಲ್‌ಆರ್ ಆದರೆ ಫೋಟೋ, ವಿಡಿಯೋ ಎರಡೂ ಆಗುತ್ತದಲ್ಲ ಎಂದು ಕೆಲವರು ಹೇಳಿದರು. ಆಗುತ್ತದೆ, ಅದರ ದೊಡ್ಡ ಬಿಲ್ಲೆಯಲ್ಲಿ ಚಿತ್ರವೂ ಚೆಂದ. ಆದರೆ ಅಂಥ ಬಹಳಷ್ಟು ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಲ್ಲುತ್ತವೆ. ಯುರೋಪಿನ ಸುಂಕದ ನಿಯಮದಲ್ಲಿ ಅರ್ಧ ಗಂಟೆ ಅಥವಾ ಹೆಚ್ಚು ಹೊತ್ತು ಬರೆಯುವುದು ವಿಡಿಯೋ ಕ್ಯಾಮೆರಾ ಎಂದಾಗಿ ಹೆಚ್ಚು ತೆರಿಗೆ ಬೀಳುತ್ತಿತ್ತು, ಅದನ್ನು ತಪ್ಪಿಸಲು ಕಂಪನಿಗಳು ಮಾಡಿದ ಕಸರತ್ತು ಅದು. ಹೊಸ ಮಾದರಿಗಳಲ್ಲಿ ಈ ಮಿತಿ ತೆಗೆದಿದ್ದಾರೆ, ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮಾತ್ರ ಕೇಳಿಕೊಳ್ಳಬೇಕು. ಅಧ್ಯಕ್ಷೀಯ ಭಾಷಣ ಮೂವತ್ತು ನಿಮಿಷದಲ್ಲಿ ಮುಗಿದದ್ದನ್ನು ನಾವು ಯಾರೂ ನೋಡಿಲ್ಲ. ಕ್ಯಾಮ್‌ಕಾರ್ಡರು ಕರೆಂಟಿಗೆ ಚುಚ್ಚಿ ಸ್ಟ್ಯಾಂಡಿನ ಮೇಲೆ ಇಟ್ಟರೆ ಕಾರ್ಡು ತುಂಬುವ ತನಕ ಓಡುತ್ತದೆ. 32 ಜಿಬಿ ಕಾರ್ಡಿನಲ್ಲಿ ಹೆಚ್ಚುಕಡಿಮೆ ಮೂರು ಗಂಟೆ. ಫೋನು ಕಾಯುತ್ತದೆ, ಬಿಸಿಯಾದರೆ ನಿಲ್ಲುತ್ತದೆ, ನಡುವೆ ಮನೆಯಿಂದ ಅಮ್ಮಿಯ ಕರೆ ಬಂದರೂ ನಿಲ್ಲುತ್ತದೆ.

ಅಲುಗಾಟ ತಡೆಯುವ ಸೌಲಭ್ಯದಲ್ಲೂ ಎರಡು ಬಗೆ ಇದೆ, ಮಸೂರವೇ ಅಲುಗಾಟಕ್ಕೆ ಎದುರು ಸರಿಯುವುದು ಒಳ್ಳೆಯದು, ಅಂಚು ಕತ್ತರಿಸಿ ಸರಿದೂಗಿಸುವುದು ಎರಡನೇ ದರ್ಜೆ. ಆದರೆ ಒಂದು ಗಟ್ಟಿ ಟ್ರೈಪಾಡ್ ಇದ್ದರೆ ಇದರ ಚರ್ಚೆಯೇ ಬೇಡ. ಬಣ್ಣದ ಸಮತೋಲನಕ್ಕೆ ಕಾರ್ಯಕ್ರಮಕ್ಕೆ ಮೊದಲು ಒಂದು ಬಿಳಿ ಹಾಳೆ ತೋರಿಸಿದರೆ ಸಾಕು. ಸೀರಿಯಲ್ ಸೆಟ್ಟಿನ ಬೆಳಕಿನಲ್ಲಿ ಮುಖಗಳು ನೀಲಿಯಾಗುವುದು ತಪ್ಪುತ್ತದೆ. ಬೆಲೆಯನ್ನು ನಾನು ಬರೆಯುವುದಿಲ್ಲ, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಕ್ಯಾಮ್‌ಕಾರ್ಡರುಗಳ ಹೊಸ ಮಾದರಿಗಳು ಮೊದಲಿನಷ್ಟು ಬರುತ್ತಿಲ್ಲ. ಆದ್ದರಿಂದ ವರ್ಷಗಟ್ಟಲೆ ಯೋಚಿಸುತ್ತಾ ಕೂರುವುದೂ ಸರಿಯಲ್ಲ.

ಇನ್ನು ಆ ಕಾರ್ಡಿನ ವಿಷಯ. ಯಂತ್ರ ಬಂದರೆ ತಾನಾಗಿ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಕಾಲೇಜಿನ ಕ್ಯಾಮೆರಾದ ಕಾರ್ಡನ್ನು ಯಾರೋ ಮನೆಗೆ ಒಯ್ದರೆ ಅದೂ ಒಂದು ಫೋನೇ ಆಯಿತು. ಅದಕ್ಕೆ ಒಂದು ರಿಜಿಸ್ಟರ್ ಬೇಕು. ಯಾವ ದಿನ, ಯಾರು ತೆಗೆದರು, ಕಾರ್ಡು ಎಲ್ಲಿ ಎಂದು ಬರೆಯಬೇಕು. ವೇದಿಕೆ ಹತ್ತುವವರಿಂದ ಮೊದಲೇ ಒಂದು ಚೀಟಿ ಬರೆಸಿಕೊಳ್ಳಬೇಕು. ಚಿತ್ರ ತೆಗೆಯಬಹುದೇ, ಕಾಲೇಜಿನ ಹೊರಗೆ ತೋರಿಸಬಹುದೇ, ಎರಡು ಪ್ರಶ್ನೆ, ಎರಡು ಉತ್ತರ. "ಬೇಡ" ಎಂದವರ ಸರದಿ ಬಂದಾಗ ಕ್ಯಾಮೆರಾದ ಬಾಯಿ ಮುಚ್ಚಬೇಕು, ಇಲ್ಲವೇ ಧ್ವನಿಯನ್ನಷ್ಟೇ ಹಿಡಿಯಬೇಕು. ತನ್ನ ಭಾಷಣದ ಪ್ರತಿ ಬೇಕೆಂದವರಿಗೆ ಪೆನ್‌ಡ್ರೈವಿನಲ್ಲಿ ಪೂರ್ತಿ ಭಾಷಣ ಕೊಡಬೇಕು. ಆಗ ಹುಡುಗಿ ಮನೆಗೆ ಹೋಗಿ ಅಬ್ಬಾಗೆ ತನ್ನ ಐದು ನಿಮಿಷವನ್ನೂ ತೋರಿಸಬಹುದು. ಯಾರೋ ಆರಿಸಿದ ಐದು ಸೆಕೆಂಡನ್ನು ಅವರು ಯಾರದೋ ಫೋನಿನಲ್ಲಿ ನೋಡಬೇಕಿಲ್ಲ.

ಇದು ಅತಿಯಾಯಿತು ಎಂದು ಯಾರಿಗಾದರೂ ಅನ್ನಿಸಿದರೆ, ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದನ್ನು ನೆನಪಿಸಿಕೊಳ್ಳಲಿ. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ರಾಜ್ಯಶಾಸ್ತ್ರದ ಮೇಡಂ ಇದನ್ನು ತರಗತಿಯಲ್ಲಿ ಹೇಳಿದಾಗ ನಮ್ಮ ಹುಡುಗರೇ ಜೋರಾಗಿ ಮೇಜು ತಟ್ಟಿದ್ದರು.

ಹುಡುಗರಿಗೂ ಒಂದು ಮಾತು. ಇದು ಹುಡುಗಿಯರ ಪರವಾಗಿ ಮಾತ್ರ ಬರೆದದ್ದಲ್ಲ. ಕಬಡ್ಡಿಯಲ್ಲಿ ಬಿದ್ದವನ ಚಿತ್ರಕ್ಕೂ ಹಾಡು ಸೇರಿಸಿದ್ದು ನಮಗೆ ಗೊತ್ತು.

ಕ್ಯಾಮೆರಾ ಬಂದರೆ ವರ್ಷಕ್ಕೆ ಒಂದು ದಿನಕ್ಕಷ್ಟೇ ಅಲ್ಲ. ಮದ್ದೂರಿನ ಬಳಿಯ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧ ಮುರಿದು ಧ್ವಜ ಹಾರಿಸಿದ ಸತ್ಯಾಗ್ರಹವನ್ನು ಕಣ್ಣಾರೆ ಕಂಡವರ ಮಾತು ನಮಗೆ ಇನ್ನು ಸಿಗಲಾರದು. ಅವರಿಂದ ಕೇಳಿ ಬೆಳೆದ ಮಕ್ಕಳು, ಈಗ ಅಜ್ಜ ಅಜ್ಜಿಯರು, ಸಿಗುತ್ತಾರೆ. ಆಲೆಮನೆಯಲ್ಲಿ ಕಬ್ಬಿನ ಹಾಲಿನ ಪಾಕ ಹದಕ್ಕೆ ಬಂದದ್ದನ್ನು ನೊರೆ ನೋಡಿ ಹೇಳುವವರು, ಸಕ್ಕರೆ ಕಾರ್ಖಾನೆಯಲ್ಲಿ ಸೈರನ್ನಿಗೆ ತಕ್ಕಂತೆ ಬದುಕಿದವರು, ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಾಗಿ ಹುಣಸೆಕಾಯಿ ಬಿಟ್ಟುಕೊಟ್ಟ ಮನೆಗಳು, ಇವೆಲ್ಲ ಬಸ್ಸಿನ ದೂರದಲ್ಲೇ ಇವೆ. ಇತಿಹಾಸ ವಿಭಾಗದವರು ಪ್ರಾಜೆಕ್ಟಿಗೆ ಕಾಗದದ ಮೇಲೆ ಬರೆದು ತರುವುದರ ಜೊತೆ ಆ ಧ್ವನಿಯನ್ನೂ ತರಲಿ. ಅಂಗಿಗೆ ಸಿಕ್ಕಿಸುವ ಮೈಕು ಬೇಕೆಂದದ್ದು ಇದಕ್ಕೇ.

ಮಾಮುವಿನ ಬೀರುವಿನಲ್ಲಿ ಇನ್ನೂ ನೂರಾರು ವಿಎಚ್‌ಎಸ್ ಕ್ಯಾಸೆಟ್ಟುಗಳಿವೆ. ಹೋದ ವರ್ಷ ಒಬ್ಬರು ಬಂದು 1990ರ ದಶಕದ ತಮ್ಮ ಅಕ್ಕನ ಮದುವೆಯ ಕ್ಯಾಸೆಟ್ ಕೇಳಿದರು. ತೀರಿಹೋದ ತಂದೆಯ ಧ್ವನಿ ಮನೆಯಲ್ಲಿ ಬೇರೆ ಎಲ್ಲೂ ಇರಲಿಲ್ಲ. ಟೇಪಿನ ಅಂಚಿಗೆ ಬಿಳಿ ಬೂಸ್ಟು ಹಿಡಿದಿತ್ತು. ಮಾಮು ಎರಡು ದಿನ ನಾಜೂಕಾಗಿ ಒರೆಸಿ ಓಡಿಸಿದರು. ಹನ್ನೊಂದು ನಿಮಿಷ ಸಿಕ್ಕಿತು, ಅದರಲ್ಲಿ ಆ ಹಿರಿಯರು ಊಟದ ಸಾಲಿನಲ್ಲಿ ನಿಂತು "ಇನ್ನೊಂದು ಸ್ವಲ್ಪ ಹಾಕಿ, ಇವರಿಗೆ ಹಾಕಿ" ಎಂದು ಎಲ್ಲರಿಗೂ ಬಡಿಸಲು ಹೇಳುವುದು ಕೇಳಿಸಿತು. ಬಂದವರು ಅದನ್ನೇ ಮೂರು ಸಲ ಹಾಕಿಸಿಕೊಂಡು ಕೇಳಿದರು. ಪ್ರಪಂಚದಲ್ಲಿ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರ ಜುಲೈಯಲ್ಲೇ ನಿಲ್ಲಿಸಿಬಿಟ್ಟಿತು. ಹಳೆಯ ಯಂತ್ರಗಳು ಕೆಟ್ಟರೆ ಬಿಡಿಭಾಗ ಸಿಗುವುದು ಕಷ್ಟ. ಮನೆಯಲ್ಲಿ ಇಂಥ ಕ್ಯಾಸೆಟ್ಟುಗಳಿದ್ದವರು ಅವನ್ನು ತೇವವಿಲ್ಲದ ಕಡೆ, ಮಲಗಿಸದೆ ನಿಲ್ಲಿಸಿ ಇಡಿ. ಸ್ಪೀಕರಿನ ಪಕ್ಕ ಇಡಬೇಡಿ, ಅದರ ಕಾಂತ ಟೇಪಿಗೆ ಒಳ್ಳೆಯದಲ್ಲ. ಬೂಸ್ಟು ಹಿಡಿದದ್ದನ್ನು ಹಾಗೇ ಯಂತ್ರಕ್ಕೆ ಹಾಕಬೇಡಿ, ಯಂತ್ರವೂ ಹಾಳಾಗುತ್ತದೆ. ಕ್ಯಾಸೆಟ್ಟಿನಲ್ಲಿರುವುದನ್ನು ಡಿಜಿಟಲ್ ಮಾಡಿಸುವ ಕೆಲಸವನ್ನು ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲೇ ಮಾಡಬಹುದು, ಓಡುವ ವಿಸಿಆರ್ ಒಂದನ್ನು ವಾರಕ್ಕೊಂದು ದಿನ ಕೊಡಲು ಮಾಮು ಒಪ್ಪಿದ್ದಾರೆ.

ಪ್ರಾಂಶುಪಾಲರಿಗೆ ಕೊಡುವ ಅರ್ಜಿಯನ್ನು ಗ್ರಂಥಾಲಯದ ಮುಂದಿನ ಮೇಜಿನ ಮೇಲೆ ಇಟ್ಟಿದ್ದೇನೆ. ಅದರಲ್ಲಿ ಬೇಕಾದದ್ದನ್ನು ಬರೆದಿದೆ: ಮೈಕು ಮತ್ತು ಇಯರ್‌ಫೋನ್ ಕಿಂಡಿ ಇರುವ ಫುಲ್ ಎಚ್‌ಡಿ ಕ್ಯಾಮ್‌ಕಾರ್ಡರು, ಟ್ರೈಪಾಡು, ವೈರ್‌ಲೆಸ್ ಮೈಕು, ಎರಡು ಕಾರ್ಡು, ಪ್ರತಿ ಇಡಲು ಒಂದು ಹಾರ್ಡ್ ಡಿಸ್ಕು, ಒಂದು ರಿಜಿಸ್ಟರ್. ಒಪ್ಪುವವರು ಸಹಿ ಹಾಕಿ. ಒಪ್ಪದವರು ಕಾರಣ ಬರೆದು ಸಹಿ ಹಾಕಿ, ಅದಕ್ಕೆಂದೇ ಬಲಗಡೆ ಜಾಗ ಬಿಟ್ಟಿದ್ದೇನೆ. ಕ್ಯಾಮೆರಾ ನಡೆಸಲು ಕಲಿಯುವ ಆಸಕ್ತಿ ಇರುವವರು ಕೆಳಗೆ ಹೆಸರು, ತರಗತಿ ಬರೆಯಿರಿ, ಹುಡುಗಿಯರ ಕಾರ್ಯಕ್ರಮಕ್ಕೆ ಹುಡುಗಿಯರೇ ಕ್ಯಾಮೆರಾ ಹಿಡಿಯಬೇಕು, ಸದ್ಯಕ್ಕೆ ನನ್ನದು ಸೇರಿ ಎರಡೇ ಹೆಸರಿವೆ.